ಮಂಡಕ್ಕಿಯ ಅಳತೆ

ಗಾಂಧಿ ಬಜಾರಿನ ಬುಟ್ಟಿಯವನು ಹೇಳಿದ್ದ:
ಇದು ಬೆಳೆಯೋ ಜಾತಿಯಲ್ಲಕ್ಕ, ಅಂಗೈಯಷ್ಟೇ ಇರುತ್ತೆ.
ಸಿಂಚನ ಅಂಗೈ ಒಡ್ಡಿದಳು.
ಒಂದು ಸೇರು ಮಂಡಕ್ಕಿಯ ತೂಕವೂ ಇರಲಿಲ್ಲ,
ಅದಕ್ಕೇ ಆ ಹೆಸರು.

ಈಗ ಐದೂಕಾಲು ಕೆಜಿ.
ತೂಗಿದ್ದು ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ,
ಕಿವಿ ಮಾತ್ರ ತಟ್ಟೆಯಿಂದಾಚೆ.

ಹೊಸಮನೆ ಬಡಾವಣೆಯಲ್ಲಿ ನಮ್ಮದು ಹಳೇ ಮನೆ,
ಬಾಡಿಗೆಯದು. ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು,
ಮಿಷನ್ನಿನ ಕೆಳಗೆ ಮಂಡಕ್ಕಿ.
ಮೊದಲು ಕಡಿದದ್ದು ಮೋಟಾರಿನ ವೈರು.
ಪುಣ್ಯಕ್ಕೆ ಕರೆಂಟಿರಲಿಲ್ಲ.
ಆಮೇಲೆ ಶಾಂಭವಿ ಟೀಚರ ಮಗಳ ಧಾರೆಯ ರವಿಕೆ:
ಜರಿಯಂಚನ್ನು ಗರಿಕೆಯ ಹಾಗೆ
ಒಂದೇ ಎತ್ತರಕ್ಕೆ ಮೇಯ್ದಿತ್ತು.
ಹದಿನೆಂಟು ನೂರು ದಂಡ ತೆತ್ತೆ.
ಹೊರಗೆ ಕಟ್ಟೋಣವೆಂದರೆ ಓಣಿಗೆ ಏಳು ನಾಯಿ,
ಚರಂಡಿಯ ಚಪ್ಪಡಿಯಡಿ ಒಂದು ಮುಂಗುಸಿ.

ದುರ್ಗಿಗುಡಿಯ ಅಂಗಡಿಯಲ್ಲಿ ಪಂಜರ ನೋಡಿದೆ.
ಆರು ಸಾವಿರ. ಗುಲಾಬಿ ಬಣ್ಣ.
ಮಂಡಕ್ಕಿ ಅದರೊಳಗೆ ಕೂರಬಹುದು,
ಎದ್ದು ನಿಲ್ಲಲಾಗದು.
'ಮೊಲ ಯಾಕೆ ಎದ್ದು ನಿಲ್ಲಬೇಕು ಮೇಡಂ?' ಅಂದ ಹುಡುಗ.
ಉತ್ತರ ಹೊಳೆಯಲಿಲ್ಲ. ಸಿಟಿ ಬಸ್ಸಿನಲ್ಲಿ
ಸೀಟಿದ್ದರೂ ನಿಂತೇ ಬಂದೆ.

ಕುತ್ತಿಗೆಯ ಟೇಪು ಇಳಿಸಿ ಅಳತೆ ತೆಗೆದೆ.
ಚಾಚಿ ಮಲಗಿದಾಗ ಮೂಗಿನಿಂದ ಬಾಲಕ್ಕೆ ಇಪ್ಪತ್ತಾರು ಇಂಚು.
ಹಿಂಗಾಲ ಮೇಲೆ ನಿಂತು ಕೊತ್ತಂಬರಿ ಕೇಳುವಾಗ
ಕಿವಿ ಸೇರಿಸಿ ಮೂವತ್ತು.
ಬಿಲ್ ಪುಸ್ತಕದಲ್ಲಿ ಎದೆ, ಸೊಂಟ, ತೋಳು ಎಂದು
ಅಚ್ಚಾದ ಗೆರೆಗಳ ಮೇಲೆಯೇ ಬರೆದೆ:
ಉದ್ದಕ್ಕೆ ಮೂರು ನೆಗೆತ, ಅಗಲಕ್ಕೆ ಒಂದು ಹೊರಳು,
ಬೆಳೆಯುವ ಹುಡುಗಿಯರ ಬಟ್ಟೆಗೆ ಬಿಡುವಂತೆ
ಎರಡಿಂಚು ಒಳಗೆ.

ಜಬೀವುಲ್ಲಾರ ಗುಜರಿಯಲ್ಲಿ ಸಿಕ್ಕಿತು
ಮುಚ್ಚಿಹೋದ ಯಾವುದೋ ಹೋಟೆಲಿನ ಮೇಜು.
ಆರಡಿ ಉದ್ದ. ಹಲಗೆಯಡಿಗೆ ಮೂವತ್ತೆರಡಿಂಚು.
ಮೇಲೆ ನಾನು ಬಟ್ಟೆ ಕತ್ತರಿಸಬಹುದು,
ಕೆಳಗೆ ಅದು ಬಾಳಬಹುದು.
ಒಂದು ಕಾಲಿಲ್ಲ, ಅದಕ್ಕೇ ಮುನ್ನೂರೈವತ್ತು.
ಬೇಡ ಕಣೇ, ಅಂದರು ಇವರು.
ಇದೇ ಬೇಕು, ಅಂದೆ.
'ನೀನು ಹಿಡಿದ ಮೊಲಕ್ಕೆ ಮೊದಲೇ ಮೂರು ಕಾಲು,
ಈಗ ಅದರ ಮನೆಗೂ' ಎಂದು ಗೊಣಗುತ್ತ
ಲಗೇಜ್ ಆಟೋಗೆ ಕೈ ಅಡ್ಡ ಹಾಕಿದರು.

ನಾಲ್ಕನೇ ಕಾಲು ಸಿಮೆಂಟ್ ಇಟ್ಟಿಗೆ, ಒಂದರ ಮೇಲೊಂದು.
ಸುತ್ತ ಜಾಲರಿ; ಚುಚ್ಚುವ ತುದಿಗಳಿಗೆಲ್ಲ
ಸೀರೆಗೆ ಫಾಲ್ ಹಚ್ಚುವ ಹೊಲಿಗೆಯಲ್ಲಿ ರೆಕ್ಸಿನ್ ಪಟ್ಟಿ.
ನೆಲಕ್ಕೂ ಜಾಲರಿ ಹಾಕಿದರೆ ಗುಡಿಸೋದು ಸಲೀಸು ಅಂದರು ಇವರು.
ಪಶು ಆಸ್ಪತ್ರೆಯ ಡಾಕ್ಟರಮ್ಮ ಗದರಿದರು:
ಮೊಲದ ಪಾದಕ್ಕೆ ಮೆತ್ತೆಯಿಲ್ಲ ಕಣ್ರೀ, ಬರೀ ಕೂದಲು,
ನೀವೊಂದು ರಾತ್ರಿ ಬರಿಗಾಲಲ್ಲಿ ಜಾಲರಿ ಮೇಲೆ ನಿಂತು ನೋಡಿ.
ಇವರು ತಮ್ಮ ಪಾದ ನೋಡಿಕೊಂಡರು.
ಲೈನಿಂಗಿನ ಚೂರುಗಳೆಲ್ಲ ಕೂಡಿ ಒಂದು ಕೌದಿಯಾಯಿತು:
ಬ್ಯಾಂಕಿನ ಸುಮಂಗಲೆಯ ನೇರಳೆ, ಬಾಣಂತಿ ರೇಷ್ಮಾಳ ಹಳದಿ,
ದುಡ್ಡು ಕೊಡದೇ ಊರು ಬಿಟ್ಟವಳ ಹಸಿರು.
ಮೂಲೆಗೆ ಅಡ್ಡ ಕುಯ್ದ ಎಣ್ಣೆ ಕ್ಯಾನು, ಒಳಗೆ ಒಣಹುಲ್ಲು.

ಒಟ್ಟು ಸಾವಿರದ ನೂರಾ ನಲವತ್ತು.
ಸಿಂಚನ ರಟ್ಟಿನ ಮೇಲೆ 'ಮಂಡಕ್ಕಿ ನಿಲಯ' ಎಂದು ಬರೆದು ತೂಗುಹಾಕಿದಳು.
ಸಂಜೆಯೊಳಗೆ 'ನಿಲಯ' ಇರಲಿಲ್ಲ.

ಮೂರು ದಿನ ಅದು ಒಳಗೆ ಹೋಗಲಿಲ್ಲ.
ಮಿಷನ್ನಿನ ಪೆಡಲಿಗೆ ಗದ್ದ ಊರಿ
ಹೊಸ ಮನೆಯನ್ನು ಬಾಡಿಗೆದಾರರಂತೆ ನೋಡುತ್ತಿತ್ತು:
ನೀರೆಲ್ಲಿ, ಗಾಳಿಯೆಲ್ಲಿ, ಓನರು ಎಂಥವರು.
ಇವರು ಏನೂ ಅನ್ನಲಿಲ್ಲ,
ಇಟ್ಟಿಗೆಯನ್ನು ಕಾಲಿನಿಂದ ಎರಡು ಸಲ ಒತ್ತಿ ನೋಡಿದರು.

ನಾಲ್ಕನೇ ಮಧ್ಯಾಹ್ನ ಕರೆಂಟು ಹೋಯಿತು.
ಮೋಟಾರಿನ ಸದ್ದು ನಿಂತ ಮೇಲೆ ಇನ್ನೊಂದು ಸದ್ದು,
ಕೌದಿಯನ್ನು ಯಾರೋ ಕೆರೆದು ಸರಿಮಾಡುವ ಸದ್ದು.
ಬಗ್ಗಿ ನೋಡಿದೆ. ಸತ್ತಿತೇನೋ ಎಂಬಂತೆ
ಧೊಪ್ಪನೆ ಮಗ್ಗುಲಿಗೆ ಬಿದ್ದು, ಪೂರ್ತಿ ಚಾಚಿ,
ಹೊಟ್ಟೆ ಮಾತ್ರ ಏರುತ್ತ ಇಳಿಯುತ್ತ ಇತ್ತು.
ಮೂಗು ಆಚೆ ಜಾಲರಿಗೆ ತಗುಲಿಲ್ಲ,
ಪಾದ ಈಚೆಗೆ ತಗುಲಿಲ್ಲ.

ನಾನೂ ಅಲ್ಲೇ ನೆಲದಲ್ಲಿ ಕಾಲು ಚಾಚಿದೆ.
ಹಿಮ್ಮಡಿಗೆ ಗ್ಯಾಸ್ ಸಿಲಿಂಡರು ತಣ್ಣಗೆ ತಗುಲಿತು.
ಟೇಪು ಕುತ್ತಿಗೆಯಲ್ಲೇ ಇತ್ತು,
ತೆಗೆಯಲಿಲ್ಲ.